ಕಡೆಯ ಬಾಲ್ ಬಿಡದ ಮಿಸ್ತ್ರಿ

ನಮ್ಮ ಟೀಮಿನ ಕ್ಯಾಪ್ಟನ್ ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವ ಮಿಸ್ತ್ರಿ. ವಯಸ್ಸು ಐವತ್ತು ದಾಟಿತ್ತು. ಬ್ಯಾಟ್ ಹಿಡಿಯುವ ಮೊದಲು, ಗ್ರೀಸ್ ಇರಲಿ ಬಿಡಲಿ, ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು.

ಆ ವರ್ಷ ಆರು ಓವರಿನ ಟೂರ್ನಮೆಂಟಿಗೆ ಬೀಳಗಿಗೆ ಹೊರಟೆವು. ಕ್ರೂಸರ್ ಗಾಡಿಯಲ್ಲಿ ಹನ್ನೊಂದು ಜನ, ಎಲ್ಲರಿಗೂ ಹೊಟ್ಟೆ ಬಂದಿತ್ತು. ಮುಧೋಳದಲ್ಲಿ ಮಿರ್ಚಿ ಭಜಿ ತಿನ್ನುತ್ತ ನಾನು, "ಹುಡುಗರ ಮುಂದ ನಮ್ಮ ಮರ್ಯಾದಿ ಹೋಗತೈತ್ರಿ" ಅಂದೆ.

"ಬಂದೀವಿ ಅಂದಮ್ಯಾಲ ಪೂರಾ ಆಡೂದು" ಅಂದು ಅವರು ಇನ್ನೊಂದು ಪ್ಲೇಟ್ ಭಜಿ ಹೇಳಿದರು.

ಮೊದಲ ಮ್ಯಾಚಿನಲ್ಲೇ ಕಡೆಯ ಬಾಲಿಗೆ ಗೆಲ್ಲಲು ಹತ್ತೊಂಬತ್ತು ರನ್ ಬೇಕಾಯಿತು. ಎದುರು ಟೀಮಿನ ಹುಡುಗರು ಸ್ಟಂಪ್ ಕಿತ್ತು ಕುಣಿಯತೊಡಗಿದರು. ಮೈಕಿನವನು ಮುಂದಿನ ಮ್ಯಾಚಿನ ಟೀಮುಗಳನ್ನು ಕರೆದ. ಇನ್ನೊಂದು ತುದಿಯಲ್ಲಿದ್ದ ನಾನೂ ಬ್ಯಾಟನ್ನು ಬಗಲಲ್ಲಿಟ್ಟುಕೊಂಡು ಪೆಂಡಾಲಿನ ಕಡೆ ನಡೆದೆ. ಮಿಸ್ತ್ರಿ ಮಾತ್ರ ಕ್ರೀಸ್ ಬಿಡಲಿಲ್ಲ.

"ಕಾಕಾ, ಒಂದ ಬಾಲಿಗೆ ಹತ್ತೊಂಬತ್ತು ಹೊಡೀತೀರೇನ್ರಿ?" ಎಂದು ಮೈಕಿನವನು ಕೇಳಿದ. ಮೈದಾನವೆಲ್ಲ ನಕ್ಕಿತು.

"ಹೊಡಿಯಾಂಗಿಲ್ಲ. ಆದರ ಆ ಬಾಲ್ ನಂದು. ಹಾಕ್ರಿ!" ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ ಹೊಂಟಿಲೇ? ಬಾ ಇಲ್ಲಿ" ಎಂದು ಗದರಿದರು.

ಅಂಪೈರ್ ಸ್ಟಂಪ್ ಮತ್ತೆ ನೆಟ್ಟರು. ಬೌಲರ್ ಸಿಟ್ಟಿನಿಂದ ಓಡಿಬಂದು ಹಾಕಿದ. ಮಿಸ್ತ್ರಿ ಬೀಸಿ ಹೊಡೆದರು. ಎರಡನೆಯ ರನ್ನಿಗೆ ಮಣ್ಣಿನಲ್ಲಿ ಜಾರಿಬಿದ್ದು ಬ್ಯಾಟ್ ಮುಟ್ಟಿಸಿದರು. ಮೊಣಕಾಲು ತರಚಿ ರಕ್ತ ಬಂತು. ಯಾರೂ ನಗಲಿಲ್ಲ.

ಸ್ಕೋರ್ ಬರೆಯುವವನ ಟೇಬಲ್ಲಿಗೆ ಕುಂಟುತ್ತ ಹೋಗಿ, ಆ ಎರಡು ರನ್ ಬರೆಸಿ, ನಾವು ಸೋತದ್ದು ಹದಿನಾರೇ ರನ್ನಿನಿಂದ ಎಂದು ಮೈಕಿನಲ್ಲಿ ಹೇಳಿಸಿದ ಮೇಲೆಯೇ ಅವರು ಕೂತು ನೀರು ಕುಡಿದರು.