ಹುಬ್ಬಳ್ಳಿಯ ಅಕ್ಕನಿಗೆ ಮಾತ್ರ ಹೇಳಿದ್ದು

ಹುಣಸೆಹಣ್ಣಿನ ಬೀಜ ಬಿಡಿಸುತ್ತ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದೆ. ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ವರ್ಷಕ್ಕಾಗುವಷ್ಟು ಹುಣಸೆಹಣ್ಣನ್ನು ಬೇಸಿಗೆಯಲ್ಲೇ ಉಪ್ಪು ಬೆರೆಸಿ ಜಾಡಿಗೆ ತುಂಬುವ ರೂಢಿ. ಅತ್ತೆ ಊಟ ಮುಗಿಸಿ ಒಳಗೆ ಮಲಗಿದ್ದರು. ಮಂಡಿ ಮೊಹಲ್ಲಾದಿಂದ ನಾದಿನಿ ಬಂದಳು. ಬಂದವಳು ನೀರನ್ನೂ ಕೇಳದೆ ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು.

"ಅತ್ತಿಗೆ, ಇದನ್ನ ನೀವು ಬರ್ದಿದ್ದಾ?"

ನನ್ನ ಕೈಯೆಲ್ಲ ಅಂಟು. "ಏನದು, ನೀನೇ ಓದು," ಅಂದೆ.

"ನನ್ ಕೈಲಿ ಓದಕ್ಕಾಗಲ್ಲ. ಶುಕ್ರವಾರ ಭಜನೆ ಮುಗಿದ್ಮೇಲೆ ಒಬ್ರು ಇದು ಇಂಟರ್ನೆಟ್ಟಲ್ಲಿ ಬಂದಿದ್ದು ಅಂತ ಎಲ್ಲರ ಮುಂದೆ ಓದುದ್ರು. ಯಾರೋ ಪಾಪದ ತಾಯಿ ಅಂತ ನಾನೂ ಅತ್ಬುಟ್ಟೆ. ಆಮೇಲೆ, ಮಗು ತಾತನ ಹಣೆ ವಿಭೂತಿ ಒರೆಸಿ ಬಾಯಿಗಿಟ್ಕೊಳ್ತಿತ್ತು ಅಂತ ಬಂತು ನೋಡಿ. ನಮ್ಮಪ್ಪನ ಹಣೇಲಿ ನಮ್ ಕೂಸು ಮಾಡ್ತಿದ್ದಿದ್ದೂ ಅದೇ ಅಲ್ವಾ? ಕಾಗದ ಇಸ್ಕೊಂಡು ಬಂದೆ."

ಅವಳು ಕಾಗದ ಬಿಡಿಸಿ ಹಿಡಿದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಪ್ರತಿ ಸಾಲೂ ನನ್ನದೇ. ಹುಬ್ಬಳ್ಳಿಯ ಅಕ್ಕನೊಬ್ಬರಿಗೇ, ಯಾರಿಗೂ ಹೇಳಬೇಡಿ ಎಂದು ಬರೆದಿದ್ದ ಇಮೇಲಿನ ಪ್ರಿಂಟು ಅದು.

ಅದರಲ್ಲಿದ್ದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಮಗಳು ಹನ್ನೊಂದು ತಿಂಗಳ ಕೂಸು, ಜ್ವರ ಬಂದು ತೀರಿಹೋದಳು. ನಮ್ಮಲ್ಲಿ ಹುಟ್ಟಿದ ಮಗುವಿಗೇ ಲಿಂಗ ಕಟ್ಟುತ್ತಾರೆ. ಅದು ಆ ಜೀವದ ಜೊತೆಗಿದ್ದು, ಜೊತೆಯಲ್ಲೇ ಮಣ್ಣಿಗೆ ಹೋಗಬೇಕು. ಇನ್ನೊಬ್ಬರು ಇಟ್ಟುಕೊಳ್ಳುವ ವಸ್ತುವಲ್ಲ. ಅವತ್ತು ಮಗುವನ್ನು ಮೀಯಿಸಿ, ಲಿಂಗವನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕು ಎಂದು ನನಗೇ ಹೇಳಿದರು. ನಾನು ಆ ಬಟ್ಟೆಯಲ್ಲಿ ಒಂದು ಸಣ್ಣ ವಿಭೂತಿ ಗಟ್ಟಿಯನ್ನು ಕಟ್ಟಿದೆ. ಲಿಂಗವನ್ನು ನನ್ನ ಕರಡಿಗೆಯೊಳಗೆ, ಕೊರಳಲ್ಲಿ ತೂಗುವ ಆ ಬೆಳ್ಳಿಯ ಗೂಡಿನೊಳಗೆ, ನನ್ನ ಲಿಂಗದ ಕೆಳಗೆ ಅಡಗಿಸಿದೆ. ಸಂಸ್ಕಾರ ಮಾಡಿಸಲು ಬಂದ ಅಯ್ಯನವರು ಗಂಟು ಬಿಚ್ಚಿ ನೋಡಲಿಲ್ಲ. ತಾಯಿ ಕಟ್ಟಿದ ಗಂಟನ್ನು ಯಾರು ಅನುಮಾನಿಸುತ್ತಾರೆ?

ಯೋಚಿಸಿ ಮಾಡಿದ್ದಲ್ಲ. ಬರಿಗೈಯಲ್ಲಿ ಉಳಿಯಲು ಆಗಲಿಲ್ಲ, ಅಷ್ಟೆ. ಆಮೇಲೆ ಆರು ವರ್ಷ, ದಿನಾ ಬೆಳಿಗ್ಗೆ ಅತ್ತೆಯ ಪಕ್ಕದಲ್ಲೇ ಕೂತು ಲಿಂಗಪೂಜೆ ಮಾಡಿದೆ. ಅವರು ಕಣ್ಣು ಮುಚ್ಚಿದ ಹೊತ್ತಿಗೆ ನನ್ನ ಅಂಗೈಯಲ್ಲಿ ಎರಡು ಲಿಂಗಗಳಿರುತ್ತಿದ್ದವು. ಗಂಡನಿಗೂ ಗೊತ್ತಿರಲಿಲ್ಲ.

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಆಫೀಸಿನ ಲೆಕ್ಕಪತ್ರಕ್ಕೆಂದು ಮನೆಗೆ ಕಂಪ್ಯೂಟರ್ ತಂದಿದ್ದರು. ಹಗಲೆಲ್ಲ ಅದರ ಮೇಲೆ ನಾನು ಹೊಲಿದ ಹೂವಿನ ಬಟ್ಟೆ ಮುಚ್ಚಿರುತ್ತಿತ್ತು. ಒಂದು ರಜೆಯ ದಿನ ಅವರೇ ಕೂರಿಸಿಕೊಂಡು ಇಮೇಲ್ ಕಲಿಸಿದರು. ಕನ್ನಡದ ಹೆಂಗಸರದೊಂದು ಗುಂಪಿತ್ತು. ನೂರಾರು ಜನ, ಯಾವ ಯಾವುದೋ ಊರಿನವರು. ಇಂಟರ್ನೆಟ್ ಹಾಕಿದರೆ ಫೋನ್ ಸಿಗುತ್ತಿರಲಿಲ್ಲ, ಹಾಗಾಗಿ ಮಧ್ಯಾಹ್ನ ಮೂರಕ್ಕೆ ಹಾಕಿ ಮೂರೂವರೆಗೆ ತೆಗೆಯುತ್ತಿದ್ದೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಏನು ಮಾಡುವುದು ಎಂದು ಒಬ್ಬರು ಕೇಳಿದ್ದಕ್ಕೆ ನಾನು ಉತ್ತರ ಬರೆದೆ. ಅದನ್ನು ಓದಿ ಹುಬ್ಬಳ್ಳಿಯವರು ನನಗೆ ಬೇರೆಯಾಗಿ ಬರೆದರು.

ಅವರ ಗಂಡ ತೀರಿಹೋಗಿ ಒಂದು ವರ್ಷವಾಗಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವರು. ನಾನು ಅಕ್ಕ ಎಂದೆ, ಅವರು ತಂಗೆವ್ವ ಎಂದರು. "ತಂಗೆವ್ವ, ಊಟ ಆತೇನ? ಇವತ್ತ ಇಬ್ಬರಿಗೆ ಆಗೂವಷ್ಟು ರೊಟ್ಟಿ ಬಡದಬಿಟ್ಟೆ ನೋಡ. ಕೈ ಮರಿಯೂದಿಲ್ಲ," ಎಂದು ಬರೆದಿದ್ದರು ಒಮ್ಮೆ. ಅದನ್ನು ಓದಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನಾನೂ ಎಷ್ಟೋ ದಿನ ಮಗುವಿಗೆಂದು ಅನ್ನ ಮೆತ್ತಗೆ ಮಾಡಿದ್ದೆ.

ದುಃಖವನ್ನೇ ಬರೆಯುತ್ತಿದ್ದರೆ ಮುಳುಗಿಹೋಗುತ್ತೇವೆ ಎಂದು ಅಕ್ಕನೇ ಒಂದು ಕ್ರಮ ಮಾಡಿದರು. ಪ್ರತಿ ಪತ್ರದ ಕೊನೆಗೆ ಆ ದಿನ ದೇವರು ಕೊಟ್ಟ ಒಂದು ಸಣ್ಣ ಒಳ್ಳೆಯದನ್ನು ಬರೆಯಬೇಕು. ಅದಕ್ಕೆ ‘ಇವತ್ತಿನ ಪ್ರಸಾದ’ ಎಂದು ಹೆಸರು. ಹಾಲು ಉಕ್ಕುವ ಮೊದಲೇ ನೋಡಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅತ್ತೆ ಸಾರು ಚೆನ್ನಾಗಿದೆ ಅಂದರು. ಅವರದು: ಎದುರು ಮನೆಯ ಕೂಸು ನನ್ನನ್ನು ದೊಡ್ಡವ್ವ ಎಂದು ಕರೆಯಿತು. ಎರಡು ವರ್ಷ ಹೀಗೆ ನಡೆಯಿತು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಆದರೂ ಮೂರು ಗಂಟೆಯಾದರೆ ಯಾರೋ ಬಾಗಿಲಲ್ಲಿ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಅಂಥವರಿಗೆ ಹೇಳದೆ ಇನ್ನಾರಿಗೆ ಹೇಳಲಿ ಎಂದು ಲಿಂಗದ ವಿಷಯ ಬರೆದೆ. "ನಿನ್ನ ಗುಟ್ಟು ನನ್ನ ಹೊಟ್ಟ್ಯಾಗ ಇರತೈತಿ," ಎಂದು ಉತ್ತರ ಬಂತು.

"ಅಮ್ಮನಿಗೆ ನಾನೇನೂ ಹೇಳಿಲ್ಲ," ಅಂದಳು ನಾದಿನಿ. "ನಾಳೆ ನಾಡಿದ್ದರಲ್ಲಿ ಭಜನೆಯೋರು ಯಾರಾದ್ರೂ ಹೇಳೇ ಹೇಳ್ತಾರೆ. ನೀವೇ ಮೊದ್ಲು ಹೇಳ್ಬುಡಿ ಅತ್ತಿಗೆ. ಮಗು ಲಿಂಗ ಇನ್ನೂ ನಿಮ್ ಹತ್ರಾನೇ ಐತಾ?"

ನಾನು ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಂಡೆ. ಅವಳು ನನ್ನ ಪಾತ್ರೆ ಎಳೆದುಕೊಂಡು ನಾಲ್ಕು ಹಣ್ಣಿನ ಬೀಜ ಬಿಡಿಸಿದಳು, ಎದ್ದು ಹೋದಳು. ಬಯ್ಯದೆ ಹೋದಳಲ್ಲ ಎಂದು ಇವತ್ತಿಗೂ ನೆನೆಯುತ್ತೇನೆ.

ಕೈ ತೊಳೆದು ಕಂಪ್ಯೂಟರ್ ಹಾಕಿದೆ. ಗುಂಪಿನ ಪತ್ರಗಳನ್ನು ನಾನು ಕೆಲವು ದಿನಗಳಿಂದ ತೆರೆದೇ ಇರಲಿಲ್ಲ, ಅಕ್ಕನದನ್ನಷ್ಟೇ ಓದುತ್ತಿದ್ದೆ. ಹುಡುಕಿದಾಗ ಸಿಕ್ಕಿತು. ಒಂಬತ್ತು ದಿನಗಳ ಹಿಂದೆ ಅಕ್ಕ ನನ್ನ ಪತ್ರವನ್ನು ಪೂರ್ತಿಯಾಗಿ, ಹೆಸರೊಂದನ್ನು ಅಳಿಸಿ, ಎಲ್ಲರಿಗೂ ಕಳಿಸಿದ್ದರು. ಮೇಲೆ ಎರಡು ಸಾಲು: ಮೈಸೂರಿನ ನನ್ನ ತಂಗಿಯಂಥವಳೊಬ್ಬಳು ಹೀಗೆ ಮಾಡಿದ್ದಾಳೆ, ಇದಕ್ಕೆ ಪರಿಹಾರ ತಿಳಿದವರು ಹೇಳಿ. ಕೆಳಗೆ ಉದ್ದಕ್ಕೂ ಉತ್ತರಗಳು. ತಾಯಿಯಲ್ಲ ಅವಳು, ಮಗುವಿಗೆ ಮುಕ್ತಿ ತಪ್ಪಿಸಿದವಳು ಎಂದು ಒಬ್ಬರು. ಹುಚ್ಚು ಹಿಡಿದಿರಬೇಕು, ಡಾಕ್ಟರಿಗೆ ತೋರಿಸಲಿ ಎಂದು ಇನ್ನೊಬ್ಬರು. ಪಾಪ ಎಂದವರೂ ಇದ್ದರು. ಹೆಚ್ಚಿನವರು ಅಕ್ಕನನ್ನು ಹೊಗಳಿದ್ದರು, ನಿಮ್ಮ ಕರುಣೆ ದೊಡ್ಡದು ಎಂದು. ಅಕ್ಕ ಒಬ್ಬೊಬ್ಬರಿಗೂ ಶರಣು ಹೇಳಿದ್ದರು.

ಆ ಒಂಬತ್ತು ದಿನವೂ ಮೂರು ಗಂಟೆಗೆ ನನಗೆ ಅವರ ಪತ್ರ ಬಂದಿತ್ತು. ಗುಲಾಬಿ ಬಿಟ್ಟ ಸುದ್ದಿ, ಹೊಸ ಜೋಳದ ಸುದ್ದಿ, ಪ್ರಸಾದದ ಸಾಲು. ಒಂದರಲ್ಲೂ ಈ ಮಾತಿಲ್ಲ.

ನಾನು ಇಷ್ಟೇ ಬರೆದೆ: ಅಕ್ಕ, ನಮ್ಮ ಮನೆಯವರೆಗೆ ಬಂತು. ಯಾಕೆ ಹೀಗೆ ಮಾಡಿದಿರಿ?

ಅವರೂ ಅಲ್ಲೇ ಕೂತಿದ್ದರೇನೋ, ಉತ್ತರ ಬೇಗ ಬಂತು. "ನಿನ್ನ ಹೆಸರ ಹಾಕಿಲ್ಲವ್ವ ನಾ. ನನಗ ಅಂಜಿಕಿ ಆತು. ಆ ಕೂಸಿನ ಜೀವ ತಳಮಳಸ್ತಿರಬೇಕು ಅಂತ ನಿದ್ದಿ ಬರಲಿಲ್ಲ. ನಿನ್ನ ಒಳ್ಳೇದಕ್ಕ ಮಾಡೀನಿ. ಸಿಟ್ಟಾಗಬ್ಯಾಡ."

ಅಂಜಿಕೆಯಾಗಿದ್ದರೆ ನನಗೆ ಹೇಳಬಹುದಿತ್ತು. ತಂಗೆವ್ವ, ಕೊಟ್ಟುಬಿಡು ಎಂದು ಅವರು ಒಂದು ಮಾತು ಬರೆದಿದ್ದರೆ ನಾನು ಕೊಡುತ್ತಿದ್ದೆನೇನೋ. ಆ ಲಿಂಗವನ್ನು ಒಂದು ದಿನ ನಾನೇ ಮನಸ್ಸು ಗಟ್ಟಿ ಮಾಡಿಕೊಂಡು ಮಣ್ಣಿಗೆ ಕೊಡಬೇಕೆಂದು ಶಿವನಿಗೆ ಹೇಳಿಕೊಳ್ಳುತ್ತಲೇ ಇದ್ದೆ. ಆ ದಿನವನ್ನು ಅವರು ನನ್ನ ಕೈಯಿಂದ ಕಿತ್ತುಕೊಂಡರು. ಇದನ್ನು ಬರೆಯಲಿಲ್ಲ. ಕಂಪ್ಯೂಟರ್ ಆರಿಸಿ ಬಟ್ಟೆ ಮುಚ್ಚಿದೆ.

ಅತ್ತೆ ಎದ್ದು ಕಾಫಿ ಕುಡಿಯುವಾಗ ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಕರಡಿಗೆ ತೆರೆದು ತೋರಿಸಿದೆ. ಅವರು ಮುಟ್ಟಲಿಲ್ಲ. ಕಾಫಿ ಲೋಟ ಕೆಳಗಿಟ್ಟರು.

"ದಿನಾ ನನ್ ಪಕ್ಕದಲ್ಲೇ ಕೂತಿದ್ಯಲ್ಲಮ್ಮ," ಅಂದರು.

"ಹೂಂ ಅತ್ತೆ."

"ಮುಖಾನೇ ನೋಡ್ದಿರೋ ಹುಬ್ಬಳ್ಳಿಯೋಳಿಗೆ ಹೇಳ್ದೆ. ನನಗೆ ಹೇಳ್ಲಿಲ್ಲ. ನಾನೇನು ಆ ಕೂಸಿಗೆ ಅಜ್ಜಿ ಅಲ್ವಾ? ನಾನು ಬೆಳಗಾಗೆದ್ದು ಅದಕ್ಕೆ ಒಳ್ಳೇದಾಗ್ಲಿ ಅಂತ ಯಾವ ಗಂಟಿಗೆ ಕೈಮುಗೀತಿದ್ದೆ?"

ಅಕ್ಕನ ಮೇಲೆ ನಾನು ಹೊರಿಸಲಿದ್ದ ಮಾತನ್ನೇ ಅವರು ನನ್ನ ಮೇಲೆ ಹೊರಿಸಿದ್ದರು.

"ಅವನಿಗೆ ನಾನು ಹೇಳ್ತೀನಿ ಬುಡು," ಅಂದರು ಮಗನ ವಿಷಯವಾಗಿ. "ಬೆಳಿಗ್ಗೆ ಹೋಗ್ಬರಾಣ. ನಾನೂ ಬತ್ತೀನಿ."

ನಮ್ಮ ಮನೆಯ ಹೆಂಗಸರು ರುದ್ರಭೂಮಿಗೆ ಹೋಗುವವರಲ್ಲ. ಬೆಳಿಗ್ಗೆ ಅತ್ತೆ ನನ್ನ ತೋಳು ಹಿಡಿದು ನಡೆದರು. ಗಂಡ ಹಾರೆ ಹಿಡಿದು ಮುಂದೆ ನಡೆದರು. ನನ್ನ ಮಗಳ ಜಾಗ ಅವರಿಗೆ ಗೊತ್ತಿತ್ತು, ಆರು ವರ್ಷದಲ್ಲಿ ನಾನು ಮೊದಲ ಸಲ ಕಂಡೆ. ಕೈಯಗಲದ ಕಲ್ಲೊಂದನ್ನು ಇಟ್ಟಿದ್ದರು. ಗಂಡ ಮೊಣಕೈಯುದ್ದ ಮಣ್ಣು ತೋಡಿದರು. ಲಿಂಗವನ್ನು ಇಳಿಸಬೇಕಾದಾಗ ನನ್ನ ಬೆರಳು ಬಿಚ್ಚಲಿಲ್ಲ. ಅತ್ತೆ ಬಲವಂತ ಮಾಡಲಿಲ್ಲ, ಬಾ ಅನ್ನಲಿಲ್ಲ, ಬಿಸಿಲಲ್ಲಿ ಸೆರಗು ಹೊದ್ದು ನಿಂತೇ ಇದ್ದರು. ನಾನೇ ಬಿಟ್ಟೆ. ಅಷ್ಟನ್ನು ನನಗೆ ಉಳಿಸಿಕೊಟ್ಟರು.

ಮನೆಗೆ ಬಂದು ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು ನನ್ನ ಲಿಂಗವೊಂದನ್ನೇ ಪೂಜೆ ಮಾಡಿದೆ. ಅಂಗೈ ಹಗುರವಾಗಿತ್ತು, ಅದು ಸಮಾಧಾನದ ಹಗುರವಲ್ಲ. ಮೂರು ಗಂಟೆಗೆ ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ. ಅವತ್ತೂ ಆ ವಾರವಿಡೀ ಅಕ್ಕನ ಪತ್ರಗಳು ಬಂದವೆಂದು ಆಮೇಲೆ ಗಂಡ ಹೇಳಿದರು. ನಾನು ಓದಲಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಅವತ್ತು ಮೂರು ದಾಟುವ ಹೊತ್ತಿಗೆ ನಡುಮನೆಯಿಂದ ಅತ್ತೆ ಕರೆದರು. "ನಾಳೆಗೆ ದೋಸೆಗೆ ನೆನೆಹಾಕಿದ್ಯೇನಮ್ಮ?"

"ಇಲ್ಲ ಅತ್ತೆ."

"ಹೊತ್ತಾಯ್ತು, ಹಾಕು. ಮೆಂತ್ಯ ಮರೀಬೇಡ."

ಅಕ್ಕಿ, ಉದ್ದಿನಬೇಳೆ ಅಳೆದುಕೊಂಡು, ಮೆಂತ್ಯ ಸೇರಿಸಿ, ಮೂರು ನೀರಲ್ಲಿ ತೊಳೆದು ನೆನೆಹಾಕಿದೆ.