ಸಾಸಿವೆ ಡಬ್ಬಿಯ ಬೋಲ್ಟು

ಮೊನ್ನೆ ಸೊಸೆ ಸವಿತ ಮನೆಗೆ ಬಂದು ಚೀಲ ಇಳಿಸಿದಳು. ಅದರಿಂದ ವಾರ್ನಿಷ್ ವಾಸನೆ ಬಂತು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಹುಡುಗರಿಗೆ ಪಾಠ ಹೇಳುವವಳು ಅವಳು. ಮೋಟರು ಬಿಚ್ಚಿ ಜೋಡಿಸುವುದನ್ನು ಕಲಿಸಲು ಮೇಷ್ಟರುಗಳನ್ನೇ ತರಬೇತಿಗೆ ಕರೆಸಿದ್ದರಂತೆ. ಉಗುರಿನ ಸಂದಿಯೆಲ್ಲ ಕಪ್ಪು. ಕೈ ತೊಳೆದುಕೊಂಡು ಬಾ ಎಂದೆ. ಹೇಳಿದ್ದು ಅವಳಿಗೆ, ನೆನಪಾದವರು ನಮ್ಮ ಯಜಮಾನರು.

ಅವರೂ ಇದೇ ಪಾಠದ ಮೇಷ್ಟರು, ಸಕಲೇಶಪುರದಲ್ಲಿ. ಎಷ್ಟೋ ವರ್ಷ ಬೋರ್ಡಿನ ಮೇಲೆ ಮೋಟರಿನ ಚಿತ್ರ ಬರೆದು ಪಾಠ ಹೇಳಿದರೇ ಹೊರತು ಅದರ ಹೊಟ್ಟೆ ಬಿಚ್ಚಿ ನೋಡಿದವರಲ್ಲ. ಒಮ್ಮೆ ಇಂಥದೇ ತರಬೇತಿಗೆ ಕಳಿಸಿದರು. ಗೊಣಗುತ್ತ ಹೋದವರು ಮದುವೆ ಗಂಡಿನ ಹಾಗೆ ಬಂದರು. ಬಂದವರೇ, ಚೆನ್ನಾಗಿ ಓಡುತ್ತಿದ್ದ ನಮ್ಮ ಬಾವಿಯ ಮೋಟರು ಬಿಚ್ಚಿ ಹಾಕಿದರು.

"ಸುಮ್ನೆ ಇದ್ದಿದ್ದನ್ನ ಯಾಕೆ ಕೆದಕಿದ್ರಿ?" ಎಂದೆ.

"ಕೆಟ್ಟ ಮೇಲೆ ಬಿಚ್ಚೋದು ರಿಪೇರಿ ಕಣೆ. ಕೆಡದಂಗೆ ನೋಡ್ಕಳದು ಬ್ಯಾರೆ ವಿದ್ಯೆ. ನಾಳೆ ಹುಡುಗ್ರ ಮುಂದೆ ನನ್ನ ಕೈ ನಡುಗಬಾರ್ದಲ್ಲ."

ಹಳೆಯ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹೊಯ್ದರು. ಬಿಸಿಲಿರಲಿಲ್ಲ. ಒಣಗಲಿ ಎಂದು ಆ ತಂತಿ ಸುತ್ತಿದ ಭಾಗವನ್ನು ಬಚ್ಚಲ ಹಂಡೆ ಒಲೆಯ ಮೇಲೆ ತೂಗುಹಾಕಿದರು. ಅಲ್ಲೇ ನನ್ನ ಮಜ್ಜಿಗೆ ಮೆಣಸಿನಕಾಯಿಯೂ ಒಣಗುತ್ತಿತ್ತು. ಅದಕ್ಕೆಲ್ಲ ವಾರ್ನಿಷ್ ವಾಸನೆ ಹಿಡಿದು ಅಷ್ಟನ್ನೂ ತಿಪ್ಪೆಗೆ ಸುರಿದೆ, ಕೋಳಿಯೂ ಕೆದಕಲಿಲ್ಲ.

ಮೋಟರು ಜೋಡಿಸಿದ ಮೇಲೆ ಒಂದು ಬೋಲ್ಟು ಉಳಿಯಿತು. ಅದರ ಜಾಗ ಅವರಿಗೆ ಹೊಳೆಯಲೇ ಇಲ್ಲ. "ಕಂಪ್ನಿಯವ್ರು ಜಾಸ್ತಿ ಹಾಕ್ಬುಟ್ಟವ್ರೆ" ಎಂದರು. ಮೋಟರೇನೋ ಓಡಿತು. ಹಂಗಿಸಲು ಬೇಕಾಗುತ್ತದೆಂದು ನಾನು ಆ ಬೋಲ್ಟನ್ನು ಸಾಸಿವೆ ಡಬ್ಬಿಗೆ ಹಾಕಿಟ್ಟೆ.

ಆಮೇಲೆ ದಿನಾ ಬೆಳಿಗ್ಗೆ ಒಂದು ಪೂಜೆ. ಸ್ಕ್ರೂಡ್ರೈವರಿನ ತುದಿ ಮೋಟರಿನ ಮೇಲೆ, ಹಿಡಿ ಕಿವಿಗೆ. "ಬಾರೆ ಇಲ್ಲಿ, ಒಳಗೆ ಹೆಂಗೆ ತಿರುಗ್ತೈತೆ ಕೇಳು" ಎಂದು ಕೂಗುವರು. "ಕಾವಲಿ ಮೇಲೆ ರೊಟ್ಟಿ ಐತೆ" ಎನ್ನುವೆ. ರೊಟ್ಟಿ ಎಲ್ಲಿಗೆ ಓಡಿಹೋಗುತ್ತಿತ್ತು, ನೀವೇ ಹೇಳಿ. ಅವರು ತೀರಿಕೊಂಡ ಮೇಲೆ ಆ ಕೂಗೂ ಇಲ್ಲ.

ಈಗ ಆ ಮೋಟರು ಗೊರಗೊರ ಎನ್ನುತ್ತಿದೆ. ಮಗ ಹೊಸದು ತಂದಿಟ್ಟು, ಹಳೆಯದನ್ನು ಗುಜರಿಗೆ ಹಾಕೋಣ ಎಂದ. ನಾನು ಒಪ್ಪಲಿಲ್ಲ. ಅದರೊಳಗಿನ ಒಂದೊಂದು ಸುತ್ತೂ ಅವರ ಕೈಯದು. ಊಟಕ್ಕೆ ಕೂತಾಗ ಸವಿತ, "ಅತ್ತೆ, ಅದನ್ನ ನಂಗೆ ಕೊಡಿ. ಕಲ್ತಿದ್ದು ಕೈಯಾಗೆ ನಿಲ್ಬೇಕು ಅಂದ್ರೆ ಹುಡುಗ್ರ ಜೊತೆ ಕೂತು ಬಿಚ್ಬೇಕು" ಎಂದಳು.

"ನಿಮ್ಮ ಮಾವ ಸುತ್ತಿದ ತಂತಿ?"

"ಕಿತ್ತು ಹೊಸದು ಸುತ್ತಿಸ್ತೀನಿ. ಸುಳ್ಳು ಯಾಕೆ ಹೇಳ್ಲಿ."

ನಾನು ಎದ್ದು ಬಾವಿಯ ಹತ್ತಿರ ಹೋಗಿ ಸ್ವಿಚ್ ಹಾಕಿಸಿದೆ. ಅವರ ಸ್ಕ್ರೂಡ್ರೈವರನ್ನು ಮೊದಲ ಸಲ ಕಿವಿಗೆ ಇಟ್ಟುಕೊಂಡೆ. ಅವರ ದನಿಯೇನೂ ಇರಲಿಲ್ಲ. ಕಾಳಿಲ್ಲದ ಬೀಸುಕಲ್ಲು ತಿರುಗಿಸಿದಂಥ ಸದ್ದು, ಅಷ್ಟೇ. ಆದರೂ ರೊಟ್ಟಿ ಸೀದುಹೋಗುವಷ್ಟು ಹೊತ್ತು ಕೇಳಿದೆ.

"ತಗಂಡೋಗು" ಎಂದೆ.

ಇವತ್ತು ಬೆಳಿಗ್ಗೆ ಮೋಟರು ಆಟೋ ಹತ್ತಿತು. ಡಬ್ಬಿಯ ಬೋಲ್ಟನ್ನೂ ಸವಿತಳ ಕೈಗೆ ಹಾಕಿದೆ. "ಇದರ ಜಾಗ ಯಾವುದು ಅಂತ ಹುಡುಗ್ರು ಹುಡುಕ್ಲಿ. ಮೇಷ್ಟ್ರಿಗೆ ಸಿಕ್ಕಿರ್ಲಿಲ್ಲ ಅಂತಾನೂ ಹೇಳು."

ಮಧ್ಯಾಹ್ನ ಒಗ್ಗರಣೆಗೆ ಡಬ್ಬಿಗೆ ಕೈಹಾಕಿದೆ. ಬೆರಳು ಸ್ವಲ್ಪ ಹೊತ್ತು ಹುಡುಕಿತು. ಎಣ್ಣೆ ಕಾದಿತ್ತು; ಸಾಸಿವೆ ಹಾಕಿದೆ.