ಪಕ್ಕದ ಬೋರ್ಡಿನ ಮೂರು ತೂತುಗಳು

ಕೋವಿಯ ಗುರಿ ಸರಿಪಡಿಸುವುದಕ್ಕೆ ಕಣ್ಣಿನ ಡಾಕ್ಟರನ್ನು ಕರೆದುಕೊಂಡು ಹೋಗುವ ಪದ್ಧತಿ ಲೋಕದಲ್ಲಿ ಎಲ್ಲಿಯೂ ಇರಲಾರದು. ನನ್ನನ್ನು ಹಾಗೆ ಕರೆದುಕೊಂಡು ಹೋದದ್ದು ಸುಬಾಂಗ್ ಜಯಾದ ಒಬ್ಬ ಅಂಕಲ್. ಅವರಾಗಿ ಕರೆದರು ಎಂದರೆ ಸುಳ್ಳಾಗುತ್ತದೆ. ಅವರ ಹೆಂಡತಿ ಬೆಳಿಗ್ಗೆ ಎಂಟಕ್ಕೆ ನನ್ನನ್ನು ಕಾರಿನ ಹಿಂದಿನ ಸೀಟಿಗೆ ತುಂಬಿಸಿದರು, ಅಂಕಲ್ ಮುಖ ಊದಿಸಿಕೊಂಡು ಕಾರು ಬಿಟ್ಟರು.

ಅಂಕಲ್ ಮಂಗಳೂರಿನ ಕೆಥೊಲಿಕ್ ಮನೆತನದವರು. ಇಪ್ಪತ್ತರ ಹರೆಯದಲ್ಲಿ ಕಡಲು ದಾಟಿ ಈ ದೇಶದ ರಬ್ಬರ್ ಎಸ್ಟೇಟಿನ ಆಫೀಸಿಗೆ ಕೆಲಸಕ್ಕೆ ಬಂದು, ಇಲ್ಲಿಯ ಪ್ರಜೆಯೇ ಆಗಿ, ಈಗ ಎಪ್ಪತ್ತು ದಾಟಿದ್ದಾರೆ. ನಾನು ಉಡುಪಿಯವಳು. ನಿಲಾಯ್ ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಆಸ್ಪತ್ರೆಯಲ್ಲಿ ಕಣ್ಣು ನೋಡುತ್ತೇನೆ. ನಾಲ್ಕು ತಿಂಗಳ ಹಿಂದೆ ಅಂಕಲ್‌ರ ಎಡಗಣ್ಣಿನ ಪೊರೆ ತೆಗೆದವಳು ನಾನೇ. ಕಟ್ಟು ಬಿಚ್ಚಿದ ದಿನ ಅವರು ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ ಅದರ ಬೆರಳು ಎಣಿಸಿದ್ದರು. ನಾನೂ ಹಿಗ್ಗಿ, "ಇನ್ನು ನಿಮ್ಗೆ ಇಪ್ಪತ್ತರ ಹುಡುಗನ ಕಣ್ಣು ಅಂಕಲ್" ಎಂದು ಜಂಬ ಕೊಚ್ಚಿಕೊಂಡಿದ್ದೆ.

ಆಂಟಿಯ ಫೋನ್ ಬಂದದ್ದು ನಾನು ಆ ಕಾರು ಹತ್ತುವ ಮೊದಲಿನ ಬುಧವಾರ.

"ಡಾಕ್ಟ್ರೇ, ನಿಮ್ಗೆ ಒಂದು ವಿಷಯ ಹೇಳ್ಬೇಕು. ಬೇಜಾರ್ ಮಾಡ್ಬಾರ್ದು ಆಯ್ತಾ? ಇವ್ರ ಹತ್ರ ಕೋವಿ ಉಂಟು."

ಇವರಿಗೆ ಇನ್ನೊಂದು ಸಂಸಾರ ಉಂಟು ಎನ್ನುವ ದನಿಯಲ್ಲಿ ಹೇಳಿದರು. ಒಂದಲ್ಲ ಎರಡಲ್ಲ, ಆರು ವರ್ಷದಿಂದ ನಾನು ಅವರ ಮನೆಗೆ ಹೋಗಿ ಬರುತ್ತಿದ್ದೇನೆ. ನಾನು ಸಸ್ಯಾಹಾರಿ ಎಂಬ ಒಂದೇ ಕಾರಣಕ್ಕೆ ಆರು ವರ್ಷವೂ ಆ ಮನೆಯಲ್ಲಿ ಕೋವಿಯ ಸುದ್ದಿ ಎತ್ತಿರಲಿಲ್ಲವಂತೆ. ನಾನು ಬರುತ್ತೇನೆ ಎಂದರೆ ಗೋಡೆಯ ಮೇಲಿನ ಹಂದಿಕೋರೆ ಮಂಚದ ಕೆಳಗೆ ಹೋಗುತ್ತಿತ್ತಂತೆ. ಕ್ರಿಸ್ಮಸ್ ತಿಂಡಿ ಕೊಡುವಾಗ ಆಂಟಿ "ಇದು ಬೇರೆ ಎಣ್ಣೆ, ಬೇರೆ ಬಾಣಲೆ" ಎಂದು ಆಣೆ ಹಾಕುವಂತೆ ಹೇಳುತ್ತಿದ್ದದ್ದು ನೆನಪಾಯಿತು. ಅಡುಗೆಮನೆಯಿಂದ ಬರುತ್ತಿದ್ದ ಹಂದಿಮಾಂಸದ ಘಮ ಮೂಗಿಗೆ ಬಡಿದರೂ ನಾನು "ಆಹಾ, ಏಲಕ್ಕಿ ಪರಿಮಳ" ಎನ್ನುತ್ತಿದ್ದೆ. ಮರ್ಯಾದೆಯ ವಿಷಯದಲ್ಲಿ ನಾವು ಕರಾವಳಿಯವರು ಒಬ್ಬರಿಗಿಂತ ಒಬ್ಬರು ಮುಂದೆ.

ವಿಷಯ ಇಷ್ಟೇ. ಎಣ್ಣೆತಾಳೆಯ ಎಳೆ ಸಸಿಗಳನ್ನು ಕಾಡುಹಂದಿ ಬುಡಸಮೇತ ಅಗೆದು ತಿನ್ನುತ್ತದೆ. ಎಸ್ಟೇಟಿನವರು ಪರವಾನಗಿ ಇರುವ ಕೋವಿಯವರನ್ನು ಕರೆಸಿ ಹಂದಿ ಹೊಡೆಸುತ್ತಾರೆ. ಅಂಕಲ್ ಆ ತಂಡದಲ್ಲಿ ಮೂವತ್ತು ವರ್ಷದಿಂದ ಇದ್ದಾರೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಗುರಿ ಸರಿಮಾಡಿಕೊಂಡು, ಊಟದ ತಟ್ಟೆಯಷ್ಟು ದೊಡ್ಡ ವೃತ್ತದೊಳಗೆ ಐದು ಗುಂಡು ಹೊಡೆದು, ಆ ಕಾಗದಕ್ಕೆ ಸಹಿ ಹಾಕಿಸಬೇಕು. ಸಹಿ ಇಲ್ಲದವರಿಗೆ ತಂಡದಲ್ಲಿ ಜಾಗವಿಲ್ಲ. ಮುಂದಿನ ಬೇಟೆ ಶನಿವಾರ. ಅಂಕಲ್ ಹಿಂದಿನ ವಾರ ಆ ಸಹಿಗೆಂದು ಒಮ್ಮೆ ಹೋಗಿ ಬರಿಗೈಯಲ್ಲಿ ವಾಪಸಾಗಿದ್ದರು.

"ಊಟ ಸರಿ ಮಾಡುದಿಲ್ಲ ಡಾಕ್ಟ್ರೇ. ಆ ತಂಡ ಬಿಟ್ರೆ ಇವ್ರಿಗೆ ಬೇರೆ ಎಂತ ಉಂಟು? ಕೋವಿ ಹಾಳಾಗಿದೆ ಅಂತ ಇವ್ರು. ಮನುಷ್ಯ ಹಾಳಾಗಿದ್ದು ಅಂತ ನಾನು. ನೀವು ಬಂದು ಒಂದು ತೀರ್ಮಾನ ಹೇಳಿ."

ಹಾಗೆ ನಾನು ತೀರ್ಪುಗಾರ್ತಿಯಾಗಿ ಹೊರಟೆ.

ನಿಲಾಯ್ ಪೇಟೆ ದಾಟಿ ಅರ್ಧ ಗಂಟೆ, ಹಳೆಯ ರಬ್ಬರ್ ಮರಗಳ ಹಿಂದೆ ಖಾಸಗಿ ಕಾಡು. ಅದರ ಯಜಮಾನರು ಚೀನೀ ಮೂಲದ ಮುದುಕರೊಬ್ಬರು. ಎಲ್ಲರೂ ಅವರನ್ನು ತೌಕೆ ಎಂದೇ ಕರೆಯುತ್ತಾರೆ, ಅಂದರೆ ಧಣಿ. ಮರ ಕಡಿದು ಉದ್ದಕ್ಕೆ ಒಂದು ಓಣಿ ಬಿಡಿಸಿ, ಕೊನೆಯಲ್ಲಿ ಮಣ್ಣಿನ ದಿಬ್ಬ ಹಾಕಿಸಿ, ಪೊಲೀಸರ ಅನುಮತಿ ಪಡೆದು, ಗುರಿ ಸರಿಮಾಡಿಕೊಳ್ಳುವವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಕಾಗದಕ್ಕೆ ಸಹಿ ಹಾಕುವವರೂ ಅವರೇ, ಹಂದಿ ಬೇಟೆಯ ತಂಡದಲ್ಲಿ ಅಂಕಲ್‌ರ ಹಳೆಯ ಜೊತೆಗಾರರೂ ಅವರೇ. ನಾವು ಇಳಿದಾಗ ತೌಕೆ ಬನಿಯನ್ನಿನಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ, "ಇವರೂ ಹಂದಿ ಹೊಡೀತಾರಾ?" ಎಂದರು. ಅಂಕಲ್ ಗಾಬರಿಯಾಗಿ ಎರಡೂ ಕೈ ಅಲ್ಲಾಡಿಸಿದರು. ನನ್ನ ಜಾತಕವೇ ಕೆಟ್ಟುಹೋಗುತ್ತದೆ ಎನ್ನುವ ಹಾಗಿತ್ತು ಆ ಗಾಬರಿ.

ಕಿವಿಗೆ ಮುಚ್ಚಳ ಹಾಕಿಸಿ ನನ್ನನ್ನೂ ಆಂಟಿಯನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಓಣಿಯ ಕೊನೆಯಲ್ಲಿ ಸಾಲಾಗಿ ಮರದ ಬೋರ್ಡುಗಳು. ನಡುವಿನದಕ್ಕೆ ಅಂಕಲ್‌ರ ಕಾಗದ ಅಂಟಿಸಿದ್ದರು. ಅಂಕಲ್ ಕೋವಿಯನ್ನು ಬಲಭುಜಕ್ಕೆ ಒರಗಿಸಿ, ಎರಡೂ ಕಣ್ಣು ಅಗಲಿಸಿಕೊಂಡು ಮೂರು ಗುಂಡು ಬಿಟ್ಟರು. ಪ್ರತಿ ಸಲವೂ ನಾನು ಬೆಂಚಿನಿಂದ ಒಂದು ಗೇಣು ಹಾರಿದೆ. ಆಂಟಿ ಮಾತ್ರ ಆರಾಮವಾಗಿ ಕಡಲೆ ತಿನ್ನುತ್ತಿದ್ದರು.

ತೌಕೆ ದುರ್ಬೀನು ಕಣ್ಣಿಗೆ ಹಿಡಿದು ನೋಡಿದರು. ಅಂಕಲ್‌ರ ಕಾಗದ ಅಂಗಡಿಯಿಂದ ಈಗಷ್ಟೇ ತಂದಷ್ಟು ಚೊಕ್ಕವಾಗಿತ್ತು. ಎಡಗಡೆಯ ಬೋರ್ಡಿನ ಕಾಗದದಲ್ಲಿ ಮೂರು ತೂತುಗಳಿದ್ದವು, ಒಂದರ ಪಕ್ಕ ಒಂದು, ಮುದ್ದಾಗಿ.

"ನೋಡಿ, ನೋಡಿ!" ಅಂಕಲ್ ನನ್ನ ಕಡೆ ತಿರುಗಿದರು. ಬಿಸಿಯಾದರೆ ಅವರ ಮಾತಿನ ಬಾಲಕ್ಕೆ ಇಲ್ಲಿಯವರ 'ಲಾ' ಅಂಟಿಕೊಳ್ಳುತ್ತದೆ. "ಕೈ ನಡುಗಿದ್ರೆ ಮೂರೂ ಒಂದೇ ಕಡೆ ಬೀಳ್ತದಾ? ಕೋವಿದೇ ದೋಷ ಲಾ. ಕಾರಲ್ಲಿ ತರುವಾಗ ಬಗ್ಗಿದೆ."

"ಬೋರ್ಡನ್ನೇ ಆಚೆ ಹಾಕ್ಲಿಕ್ಕೆ ಹೇಳಿ, ಕೆಲ್ಸ ಮುಗೀತು," ಎಂದರು ಆಂಟಿ.

ಕೋವಿಯ ಹಿಂಬದಿಯಲ್ಲಿ ಗುರಿಯನ್ನು ಎಡಕ್ಕೆ ಬಲಕ್ಕೆ ಸರಿಸುವ ಒಂದು ಸಣ್ಣ ತಿರುಪು ಇತ್ತು. ಅಂಕಲ್ ಅದನ್ನು ತಿರುಗಿಸಿದರು, ತೌಕೆಯೂ ತಿರುಗಿಸಿದರು, ಮುಂದೆ ತಿರುಗಲಾರೆ ಎನ್ನುವವರೆಗೆ ತಿರುಗಿಸಿದರು. ಮತ್ತೆರಡು ಗುಂಡು. ಎರಡೂ ಆ ಮೂರರ ಬಳಗ ಸೇರಿಕೊಂಡವು. ಆಮೇಲೆ ತೌಕೆ ಅದೇ ಕೋವಿಯನ್ನು ಕೇಳಿ ಪಡೆದು, ತಿರುಪನ್ನು ಮೊದಲಿನ ಜಾಗಕ್ಕೆ ತಂದು, ಒಂದು ಗುಂಡು ಹೊಡೆದರು. ಅದು ಅಂಕಲ್‌ರ ಕಾಗದದ ನಟ್ಟನಡುವೆ ಹೋಗಿ ಕೂತಿತು. ಆಂಟಿಯ ಕಡಲೆ ಅಲ್ಲಿಗೆ ನಿಂತಿತು.

ಆಗ ನನ್ನ ತಲೆಗೆ ಒಂದು ಹುಳ ಬಿತ್ತು. ಅಂಕಲ್‌ರನ್ನು ಎದುರು ನಿಲ್ಲಿಸಿ, "ಎರಡೂ ಕೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ ಅಂಕಲ್, ಅದ್ರೊಳಗಿಂದ ನನ್ನ ಮೂಗು ನೋಡಿ" ಎಂದೆ. ಯಾವ ಕಣ್ಣಿಗೆ ಯಜಮಾನಿಕೆ ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಕಲಿಸುವ ಪರೀಕ್ಷೆ ಅದು. ಅವರು ಚಾಚಿದ ಕೈಗಳ ಕಿಂಡಿಯಿಂದ ನೋಡಿದರು. ಇತ್ತ ಕಡೆಯಿಂದ ನನಗೆ ಕಂಡದ್ದು ಎಡಗಣ್ಣು. ನಾನೇ ಪೊರೆ ತೆಗೆದ, ನಾನೇ ಹೊಗಳಿದ, ಥಳಥಳ ಹೊಳೆಯುವ ಎಡಗಣ್ಣು. ಕೋವಿ ಬಲಭುಜದಲ್ಲಿ, ನೋಟ ಎಡಗಣ್ಣಿನಲ್ಲಿ. ಆ ತಿರುಪಿನ ಗುರಿ ಈ ಕಣ್ಣಿನ ದಾರಿಯಲ್ಲೇ ಇಲ್ಲ. ಗುಂಡು ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

"ಮೊದಲು ಯಾವ ಕಣ್ಣು ಮಾಡುವ ಅಂತ ನಾನು ಕೇಳಿದಾಗ ಎಡದ್ದು ಅಂದ್ರಿ. ಯಾಕೆ ಅಂಕಲ್?"

ಅವರು ಹೆಂಡತಿಯ ಮುಖ ನೋಡಿದರು, ಆಮೇಲೆ ನೆಲ ನೋಡಿದರು. "ಬಲದ್ದು ಕೋವಿಯ ಕಣ್ಣಲ್ವಾ ಡಾಕ್ಟ್ರೇ. ಅದಕ್ಕೆ ಕತ್ತಿ ಹಾಕ್ಲಿಕ್ಕೆ ಹೆದರಿಕೆ ಆಯ್ತು. ನಿಮ್ಮ ಹತ್ರ ಅದನ್ನು ಹೇಳುದು ಹೇಗೆ?"

ಅಂದು ಅವರು ನನಗೆ ಹೇಳಿದ್ದು ಬೇರೆ. ಎಡಗಣ್ಣಿನಲ್ಲೇ ಪ್ರಾರ್ಥನೆ ಪುಸ್ತಕ ಓದುವುದು ಎಂದಿದ್ದರು. ಮನುಷ್ಯ ಒಂದು ಕಣ್ಣನ್ನು ದೇವರಿಗೆ ಬೇರೆ ಇಟ್ಟುಕೊಳ್ಳುತ್ತಾನೆಯೇ ಎಂದು ಆಗಲೇ ನಾನು ನಗಬೇಕಿತ್ತು. ನಗುವುದು ಬಿಟ್ಟು ಭಕ್ತಿಯಿಂದ ಫೈಲಿನಲ್ಲಿ ಬರೆದುಕೊಂಡಿದ್ದೆ. ಎರಡು ಸಲ ಬಲಗಣ್ಣಿಗೆ ದಿನ ಕೊಟ್ಟರೂ "ಒಂದು ಸಾಕು" ಎಂದು ತಪ್ಪಿಸಿಕೊಂಡಾಗಲೂ ಕಾರಣ ಕೇಳಲಿಲ್ಲ. ನನಗೆ ನೋವಾಗಬಾರದೆಂದು ಅವರು ಮುಚ್ಚಿಟ್ಟರು, ಅವರಿಗೆ ಮುಜುಗರವಾಗಬಾರದೆಂದು ನಾನು ಕೆದಕಲಿಲ್ಲ.

"ಈಗ ಎಡಗಣ್ಣು ಮುಚ್ಚಿ ಬೋರ್ಡ್ ನೋಡಿ," ಎಂದೆ.

ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಓಣಿಯತ್ತ ತಿರುಗಿದರು.

"ಬಿಳಿ ಬಿಳಿ ಕಾಣ್ತದೆ," ಎಂದರು. ಕತ್ತು ಮುಂದೆ ಚಾಚಿ, "ಬೋರ್ಡ್ ತೆಗ್ದಿದ್ದಾರಾ?"

ಬೋರ್ಡು ಅಲ್ಲೇ ಇತ್ತು.

ತೌಕೆಗೆ ನಮ್ಮ ಮಾತು ಅರ್ಥವಾಗದಿದ್ದರೂ ಗೆಳೆಯನ ಮುಖ ಅರ್ಥವಾಯಿತು. ಹೋಗಿ ಪಕ್ಕದ ಬೋರ್ಡಿನ ಕಾಗದವನ್ನೇ ಕಿತ್ತು ತಂದು ಮೇಜಿನ ಮೇಲೆ ಹರಡಿದರು. ಐದು ತೂತು, ಎಲ್ಲ ಒಂದು ತಟ್ಟೆಯೊಳಗೆ. "ಸಿಕಿತ್ ಸಾಜಾ ಲಾ," ಎಂದು ನಕ್ಕರು, ಸ್ವಲ್ಪವೇ ತಾನೇ ತಪ್ಪಿದ್ದು ಎಂದು. ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕುವ ಜಾಗ ಹುಡುಕತೊಡಗಿದರು.

ಬೇಡ ಎಂದು ಹೇಳಬೇಕಾದವಳು ನಾನು. ದಿನಕ್ಕೆ ಹತ್ತು ಜನರಿಗೆ ಕಾರು ಓಡಿಸಬೇಡಿ ಎಂದು ಖಡಾಖಂಡಿತವಾಗಿ ಹೇಳುವವಳು. ಅಲ್ಲಿ ಪೆನ್ನಿನ ತುದಿ ನೋಡುತ್ತ ನಿಂತುಬಿಟ್ಟೆ. ಶನಿವಾರ ಅವರು ಹೋಗಲಿ, ಹಿಂದೆಲ್ಲಾದರೂ ಸುಮ್ಮನೆ ನಿಂತು ಬರಲಿ ಎಂದು ನನಗೆ ನಿಜವಾಗಿಯೂ ಅನಿಸಿತು. ಅದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಅಂಕಲ್ ಕಣ್ಣಿನಿಂದ ಅಂಗೈ ತೆಗೆದು ಆ ಐದು ತೂತುಗಳ ಮೇಲೆ ಬೆರಳಾಡಿಸಿದರು.

"ಹೋದ ತಿಂಗಳು ತೋಡಿನ ತಿರುವಲ್ಲಿ ಎರಡು ಗುಂಡು ಬಿಟ್ಟೆ ಡಾಕ್ಟ್ರೇ. ಹಂದಿ ಎದುರೇ ಇತ್ತು. ತಾಗ್ಲೇ ಇಲ್ಲ. ಗುಂಡು ತಂದ್ಕೊಟ್ಟವನಿಗೆ ಬಾಯಿಗೆ ಬಂದ ಹಾಗೆ ಬೈದೆ."

ಗದ್ದದಿಂದ ತೌಕೆಯನ್ನು ತೋರಿಸಿದರು.

"ನನ್ನಿಂದ ಸ್ವಲ್ಪ ಮುಂದೆ, ಎಡಗಡೆ ನಿಂತಿದ್ದವ ಇವ್ನೇ."

ತೌಕೆ ತಲೆಯೆತ್ತಿ, ಇವತ್ತು ತಾರೀಖು ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಂಕಲ್ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ತಮ್ಮ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು.